ನೀಲಿ ಗೆರೆ

ಮೂರನೆಯ ಸಲವೂ ಫೋಟೊಗಳು ವಾಪಸ್ಸು ಬಂದವು. ಶಾಲೆಯ ಹೆಡ್‌ಮಿಸ್ಟ್ರೆಸ್ ಲಕೋಟೆಯನ್ನು ಸ್ಟುಡಿಯೋದ ಮೇಜಿನ ಮೇಲೆ ಹಾಕಿದರು. ಕುರ್ಚಿ ಸರಿಸಿಕೊಟ್ಟರೂ ಕೂರಲಿಲ್ಲ.

"ನೀವೇ ನೋಡಿ. ಒಂದು ಮಗುವಿನ ಮುಖದಲ್ಲಾದ್ರೂ ರಕ್ತ ಇದೆಯಾ? ನೀರಲ್ಲಿ ಮುಳುಗಿದೋರನ್ನ ಎತ್ತಿ ನಿಲ್ಲಿಸಿದ ಹಾಗಿದೆ. ಒಬ್ಬ ತಾಯಿ ನಿನ್ನೆ ಇದನ್ನ ನೋಡಿ ಅತ್ತೇಬಿಟ್ರು."

ಸ್ಟುಡಿಯೋದವನ ಹೆಂಡತಿ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಲವತ್ತು ಮಕ್ಕಳು. ಎಲ್ಲರ ತುಟಿಯೂ ನೀಲಿ. ಹೋದ ವಾರ ಇದೇ ಚಿತ್ರವನ್ನು ತಾನೇ ತಿದ್ದಿ, ತಾನೇ ಮೆಚ್ಚಿ ಮುದ್ರಣಕ್ಕೆ ಕಳಿಸಿದ್ದಳು.

"ಇದೊಂದು ಸಲ ಅವಕಾಶ ಕೊಡಿ ಮೇಡಂ."

"ಇದೇ ಕೊನೆ. ಸೋಮವಾರ ನಿಮ್ಮ ಯಜಮಾನ್ರು ಬಂದು ಇನ್ನೊಮ್ಮೆ ತೆಗೀಲಿ. ತೆಗೆಯೋದ್ರಲ್ಲಿ ಅವರದೇನೂ ತಪ್ಪಿಲ್ಲ ಅಂತ ಕಾಣುತ್ತೆ."

ಮಾತು ಯಾರಿಗೆ ತಗುಲಬೇಕಿತ್ತೋ ಅವರಿಗೇ ತಗುಲಿತು.

ಗಂಡ ಫೋಟೊ ತೆಗೆಯುವುದು, ಅವಳು ಬಣ್ಣ ತಿದ್ದುವುದು. ಹದಿನಾರು ವರ್ಷಗಳಿಂದ ಹೀಗೇ. ಬಿಸಿಲು, ಟ್ಯೂಬ್‌ಲೈಟು, ಸುಣ್ಣಬಣ್ಣ ಬಳಿದ ಗೋಡೆ, ಎಲ್ಲವೂ ಚಿತ್ರಕ್ಕೆ ತಮ್ಮ ಛಾಯೆಯನ್ನು ಮೆತ್ತಿಬಿಡುತ್ತವೆ. ಅದನ್ನು ತೊಳೆಯುವುದು ಕರ್ವ್. ಕಂಪ್ಯೂಟರ್ ಪರದೆಯ ಮೇಲೆ ಕೆಂಪು, ಹಸಿರು, ನೀಲಿಗೆ ಒಂದೊಂದು ಓರೆ ಗೆರೆ. ಗೆರೆಯ ನಡು ಹಿಡಿದು ಮೇಲಕ್ಕೆಳೆದರೆ ಆ ಬಣ್ಣ ಏರುತ್ತದೆ, ಕೆಳಕ್ಕೆಳೆದರೆ ಇಳಿಯುತ್ತದೆ. ನೀಲಿ ಏರಿದಷ್ಟೂ ಹಳದಿ ಅಳಿಯುತ್ತದೆ. ಕಣ್ಣನ್ನು ನಂಬಿ ಎಳೆಯುವಂತಿಲ್ಲ, ಏಕೆಂದರೆ ಐದು ನಿಮಿಷ ದಿಟ್ಟಿಸಿದರೆ ಎಂಥ ಬಣ್ಣಕ್ಕೂ ಕಣ್ಣು ಒಗ್ಗಿಹೋಗುತ್ತದೆ. ಅದಕ್ಕೇ ಮೊದಲ ಚಿತ್ರದಲ್ಲಿ ಅಳತೆಗೆಂದು, ಮೂರು ಬಣ್ಣವೂ ಸಮನಾಗಿರುವ ಒಂದು ಬೂದು ಕಾರ್ಡು ಇಡುತ್ತಾರೆ. ಇವರ ಕಾರ್ಡು ಅಂಗಡಿ ತೆರೆದ ವರ್ಷವೇ ಎಲ್ಲೋ ಬಿದ್ದುಹೋಗಿತ್ತು. "ಕಾರ್ಡ್ ಯಾಕೆ, ನಾನಿಲ್ವಾ?" ಎಂದ ಗಂಡ ಅಂದಿನಿಂದ ಕ್ಯಾಮೆರಾಕ್ಕೆ ಟೈಮರ್ ಇಟ್ಟು, ಗುಂಪಿನ ಪಕ್ಕ ನಿಂತು, ಚೌಕಟ್ಟಿನೊಳಕ್ಕೆ ತನ್ನ ಅಂಗೈ ಚಾಚುತ್ತಿದ್ದ. ಆ ಅಂಗೈಯ ಕೆಂಪು, ಹಸಿರು, ನೀಲಿಯ ಮೂರು ಅಂಕಿಗಳು ಅವಳಿಗೆ ಬಾಯಿಪಾಠ. ಅಂಕಿ ಕೂಡುವ ತನಕ ಗೆರೆ ಎಳೆದು, ಮಿಕ್ಕ ಚಿತ್ರಗಳಿಗೂ ಅದೇ ಕರ್ವ್ ಹಚ್ಚಿಬಿಡುವಳು. ಅಷ್ಟು ವರ್ಷಗಳಲ್ಲಿ ಒಂದು ಫೋಟೊ ವಾಪಸ್ಸು ಬಂದದ್ದಿಲ್ಲ.

ಎರಡು ತಿಂಗಳಿಂದ ಏನೋ ಕೆಟ್ಟಿತ್ತು. ನೀಲಿ ಗೆರೆಯನ್ನು ವಾರವಾರಕ್ಕೂ ಇನ್ನಷ್ಟು ಮೇಲಕ್ಕೆ ಜಗ್ಗಬೇಕಾಗುತ್ತಿತ್ತು. ಬಲ್ಬು ಹಳತಾಗಿರಬೇಕೆಂದು ಬಲ್ಬು ಬದಲಾಯಿಸಿದರು. ಪರದೆ ಕೆಟ್ಟಿರಬೇಕೆಂದು ಹೊಸ ಪರದೆ ತಂದರು. ಮುದ್ರಣದವನ ಜೊತೆ ಜಗಳವೂ ಆಯಿತು, ಪಾಪ, ಅವನದೇನೂ ಇರಲಿಲ್ಲ. ಮುಖಗಳು ಮಾತ್ರ ಹೆಣದ ಬಣ್ಣಕ್ಕೇ ತಿರುಗುತ್ತಿದ್ದವು. ಆ ಸ್ಟುಡಿಯೋದಲ್ಲಿ ಫೋಟೊ ತೆಗೆಸಿಕೊಂಡರೆ ಒಳ್ಳೆಯದಲ್ಲ ಎಂದು ಬೀದಿಯಲ್ಲಿ ಪಿಸುಮಾತು ಹುಟ್ಟಿತ್ತು.

ಸಂಜೆ ಗಂಡಹೆಂಡತಿ ತಟ್ಟೆಯ ಮುಂದೆ ಕೂತರು. ಮನೆಯಲ್ಲೆಲ್ಲ ಹಳದಿ ಬಲ್ಬುಗಳು. ಪರದೆ ನೋಡಿ ದಣಿದ ಕಣ್ಣಿಗೆ ಹಿತವೆಂದು ಅವಳೇ ಹಾಕಿಸಿದ್ದು. ಚಿಂತೆಯಲ್ಲಿ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ. ಗಂಡನ ಬೆಲ್ಟಿಗೆ ಹೊಸದಾಗಿ ಎರಡು ತೂತು ಕೊರೆಸಬೇಕಾಗಿತ್ತು.

"ಒಂದು ಮಾತು. ಬೇಜಾರು ಮಾಡ್ಕೋಬೇಡ," ಎಂದ ಅವನು, ಮೊಣಕೈ ಕೆರೆದುಕೊಳ್ಳುತ್ತ. "ಒಂದ್ಸಲ ಕಣ್ಣು ತೋರಿಸ್ಕೋ."

ಅವಳು ಎರಡು ತಿಂಗಳಿಂದ ಹೆದರುತ್ತಿದ್ದದ್ದು ಇದೇ ಮಾತಿಗೆ. ಬಣ್ಣ ಬಿಟ್ಟರೆ ಅವಳಿಗೆ ಬೇರೆ ವಿದ್ಯೆ ಬಾರದು.

"ಕಣ್ಣೇ ಹೋದ್ರೆ ನನ್ನ ಗತಿ ಏನ್ರೀ?"

"ಹುಚ್ಚಿ, ನಾನೆಲ್ಲಿಗೆ ಹೋಗ್ತೀನಿ? ನಾನಿದ್ದೀನಲ್ಲ."

ಮರುದಿನ ಕಣ್ಣಿನ ಡಾಕ್ಟರು ಅವಳ ಮುಂದೆ ಬಣ್ಣದ ಬಿಲ್ಲೆಗಳನ್ನು ಸುರಿದು, ಛಾಯೆಯ ಪ್ರಕಾರ ಜೋಡಿಸಲು ಹೇಳಿದರು. ಅವಳು ಒಂದೊಂದನ್ನೇ ಸಾಲಿಗೆ ಇಟ್ಟಳು. ಜೋಡಿಸಿದ ಮೇಲೆ ಡಾಕ್ಟರು ಎರಡು ಸಲ ಎಣಿಸಿ ನೋಡಿ ನಕ್ಕರು.

"ಇಷ್ಟು ಸರಿಯಾಗಿ ಜೋಡಿಸಿದೋರನ್ನ ನಾನು ನೋಡೇ ಇಲ್ಲಮ್ಮ. ನಿಮ್ಮ ಕಣ್ಣಿಗೇನೂ ಆಗಿಲ್ಲ. ತಪ್ಪು ಬೇರೆಲ್ಲೋ ಇದೆ, ಹುಡುಕಿ."

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅವಳು ಖುಷಿಗೆ ಅತ್ತಳು. ಬರುವ ದಾರಿಯಲ್ಲಿ ಕ್ಯಾಮೆರಾ ಅಂಗಡಿಗೆ ಹೋಗಿ ಹೊಸ ಬೂದು ಕಾರ್ಡು ಕೊಂಡಳು.

"ಇಷ್ಟು ವರ್ಷ ಆದ್ಮೇಲೆ ನನ್ನ ಕೈ ಮೇಲೆ ನಂಬಿಕೆ ಹೋಯ್ತಾ?" ಎಂದು ಗಂಡ ಸೋಮವಾರ ಬೆಳಿಗ್ಗೆ ಕೆಣಕಿದ.

"ಹೋಗಿಲ್ಲ ಮಾರಾಯ್ರೇ. ಒಂದ್ಸಲ ನನಗೋಸ್ಕರ ಹಿಡೀರಿ."

ಮಧ್ಯಾಹ್ನ ಅವನು ಶಾಲೆಯಿಂದ ಬಂದು, ಸುಸ್ತು ಎಂದು ಹೊರಕೋಣೆಯ ಬೆಂಚಿನ ಮೇಲೆ ಉರುಳಿಕೊಂಡ. ಅವಳು ಒಳಗೆ ಕೂತು ಮೊದಲ ಚಿತ್ರ ತೆರೆದಳು. ಕಾರ್ಡಿನ ಬೂದು ಬಣ್ಣದ ಮೇಲೆ ಒತ್ತಿದಳು. ಮೂರು ಗೆರೆಗಳೂ ಕೂದಲೆಳೆಯಷ್ಟು ಅಲುಗಿ ನಿಂತುಬಿಟ್ಟವು. ನೀಲಿಯನ್ನು ಜಗ್ಗುವ ಅಗತ್ಯವೇ ಬೀಳಲಿಲ್ಲ.

ನಲವತ್ತು ಮಕ್ಕಳಿಗೂ ಜೀವ ಬಂತು. ಕೆನ್ನೆ ಕೆಂಪಗೆ, ತುಟಿ ತುಟಿಯ ಹಾಗೆ, ಅಂಗಿ ಅಚ್ಚ ಬಿಳಿ. ಎರಡು ತಿಂಗಳಿಂದ ಎದೆಯ ಮೇಲಿದ್ದ ಬಂಡೆ ಇಳಿಯಿತು. ಅವಳು ಗಟ್ಟಿಯಾಗಿ ನಕ್ಕುಬಿಟ್ಟಳು.

"ರೀ, ಬನ್ನಿ ಇಲ್ಲಿ! ನನ್ನ ಕಣ್ಣೂ ಸರಿಯಾಗಿದೆ, ಲೈಟೂ ಸರಿಯಾಗಿದೆ!"

ನಗುತ್ತಲೇ ಅವಳ ನೋಟ ಚಿತ್ರದ ಅಂಚಿಗೆ ಸರಿಯಿತು.

ಅಲ್ಲಿ, ಒಂದು ಕೈಯಲ್ಲಿ ಕಾರ್ಡು ಹಿಡಿದು ರೂಢಿಯಂತೆ ಇನ್ನೊಂದನ್ನೂ ಚಾಚಿದ್ದ ಗಂಡನ ಅಂಗೈ ಮಾತ್ರ ಉಗುರಿನ ತನಕ ಹಳದಿಯಾಗಿತ್ತು.