ಎಡಗೆನ್ನೆ

ಮಗಳ ಕಲರ್ ಫೋಟೊವನ್ನು ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪಿಗೆ ತಿರುಗಿಸಿ, ಮೂಲದಲ್ಲಿ ಕೆಂಪಿದ್ದ ಕಡೆಯನ್ನೆಲ್ಲ ಇನ್ನಷ್ಟು ಗಾಢ ಮಾಡಿದ ಕೂಡಲೇ ರೇಣುಕಯ್ಯನ ಕೈ ಮೌಸಿನ ಮೇಲೆಯೇ ನಿಂತುಹೋಯಿತು. ಯಶಸ್ವಿನಿಯ ಎಡಗೆನ್ನೆಯ ಮೇಲೆ ಕಪ್ಪು ಪಟ್ಟೆಗಳು ಎದ್ದಿದ್ದವು.

ನೆರಳಿರಬೇಕೆಂದುಕೊಂಡು ಕೆಂಪನ್ನು ತಿಳಿ ಮಾಡಿದ. ಪಟ್ಟೆಗಳು ಮಾಯವಾಗಿ ಕೆನ್ನೆ ನುಣ್ಣಗಾಯಿತು. ಮತ್ತೆ ಗಾಢ ಮಾಡಿದ. ಅವು ಮತ್ತೆ ಬಂದವು, ಒಂದರ ಪಕ್ಕ ಒಂದು, ಬೆರಳುಗಳ ಹಾಗೆ. ಹಿಂದಿನ ದಿನವಷ್ಟೇ ಪಾವಗಡದ ಬೀಗರ ಮನೆಯಲ್ಲಿ ಅವಳ ಸೀಮಂತದ ಫೋಟೊಗಳನ್ನು ಅವನೇ ತೆಗೆದಿದ್ದ. ಮಧುಗಿರಿಯ ತನ್ನ ಸ್ಟುಡಿಯೋದ ಗೋಡೆಗೆ ಹಾಕಲೆಂದು ಇದನ್ನು ಆರಿಸಿದ್ದ. "ಏನಮ್ಮ, ಇಷ್ಟೊಂದು ಪೌಡ್ರು?" ಎಂದು ಆಗ ತಾನು ನಕ್ಕಿದ್ದು ನೆನಪಾಯಿತು.

ಮಗಳಿಗೆ ಫೋನ್ ಮಾಡಿದ. ಅಳಿಯ ಎತ್ತಿಕೊಂಡ.

"ಅವ್ಳು ಮಲಗವ್ಳೆ ಮಾವ."

"ಎಬ್ಬಿಸಪ್ಪ. ನಿನ್ ಕೈ ಮುಗೀತೀನಿ, ಒಂದ್ಸಲ ಕೊಡು."

ಸ್ವಲ್ಪ ಹೊತ್ತಿನ ಮೇಲೆ ಯಶಸ್ವಿನಿಯ ದನಿ ಕೇಳಿಸಿತು. "ಚೆನ್ನಾಗಿದೀನಿ ಕಣಪ್ಪ."

"ಸುಳ್ಳು ಹೇಳ್ಬ್ಯಾಡ ಮಗಳೇ. ನಿನ್ ಕೆನ್ನೆ ಮೇಲೆ ಬೆರಳು ಮೂಡಿರೋದು ಫೋಟೊದಾಗೆ ಕಾಣ್ತೈತೆ. ನಿನ್ನೆ ನಿನ್ ಎದುರಿಗೇ ನಿಂತಿದ್ನಲ್ಲಮ್ಮ, ಹೆಂಗೆ ಕಾಣದೇ ಹೋಯ್ತು ನಂಗೆ?"

ಪಕ್ಕದಿಂದ ಅಳಿಯ ಕೇಳಿದ್ದು ರೇಣುಕಯ್ಯನಿಗೂ ಕೇಳಿಸಿತು. "ಏನಂತೆ ನಿಮ್ಮಪ್ಪಂಗೆ?"

"ಫೋಟೊ ಚೆನ್ನಾಗಿ ಬಂದೈತಂತೆ," ಎಂದು ಅವಳು ಗಟ್ಟಿಯಾಗಿ ಹೇಳಿದಳು. ಹೆಜ್ಜೆಗಳು ದೂರ ಸರಿದ ಸದ್ದಾಯಿತು. ಆಮೇಲೆ ಅವಳು ಪಿಸುಗುಟ್ಟಿದಳು.

"ಅಪ್ಪಾ, ಇವತ್ತೇ ಬಂದ್ಬುಡು."