ತೆಗೆದಿಟ್ಟದ್ದು

ಬಾಗಿಲು ತೆರೆದದ್ದೇ ಮಗಳಿಗೆ ಗುಮಾನಿ ಶುರುವಾಯಿತು. ಪ್ಯಾಸೇಜು ಖಾಲಿ! ಕೆಟ್ಟ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ರೆಕ್ಕೆ ಮುರಿದ ಫ್ಯಾನುಗಳ ನಡುವೆ ಇಷ್ಟು ವರ್ಷ ಮೈ ಓರೆ ಮಾಡಿ ನಡೆದ ಜಾಗದಲ್ಲಿ ನೆಲದ ಬಣ್ಣ ಕಾಣುತ್ತಿತ್ತು.

"ನೋಡಿದ್ಯಾ? ಲಾರಿ ಬೇಕಾದ್ರೂ ಹೋಗತ್ತೆ," ಎಂದ ಅಪ್ಪ. ತನ್ನ ರಿಪೇರಿ ಅಂಗಡಿ ಮುಚ್ಚಿದ ಮೇಲೆ ಅಷ್ಟನ್ನೂ ಮನೆಗೆ ಹೊತ್ತು ತಂದವನು ಅವನೇ.

ಅಮ್ಮ ವಾಕರ್ ಊರುತ್ತ ಒಳಗೆ ಬಂದಳು. ಇದೇ ಪ್ಯಾಸೇಜಿನಲ್ಲಿ ಮಿಕ್ಸಿಯ ವೈರು ಕಾಲಿಗೆ ತೊಡರಿ, ಬಿದ್ದು ಸೊಂಟದ ಮೂಳೆ ಮುರಿದುಕೊಂಡವಳು ಈಗಷ್ಟೇ ಆಸ್ಪತ್ರೆಯಿಂದ ಬರುತ್ತಿದ್ದಳು. ಇನ್ನೊಮ್ಮೆ ಬಿದ್ದರೆ ಏಳುವ ಮಾತೇ ಇಲ್ಲ ಎಂದಿದ್ದರು ಡಾಕ್ಟರು.

"ಎಲ್ಲಾ ತೆಗೆದ್ಯಾ?" ಎಂದು ಮಗಳು ನಿನ್ನೆ ಫೋನಿನಲ್ಲಿ ಕೇಳಿದ್ದಳು. "ತೆಗೆದಿಟ್ಟಿದೀನಿ," ಎಂದಿದ್ದ ಅಪ್ಪ. ಮಾತಿನ ಬಾಲಕ್ಕೆ ಅಂಟಿದ ಆ 'ಇಟ್ಟಿದೀನಿ' ಆಗ ಕಿವಿಗೆ ಬಿದ್ದಿರಲಿಲ್ಲ. ಈಗ ಮುಳ್ಳಿನಂತೆ ಚುಚ್ಚತೊಡಗಿತು.

"ಗುಜರಿಯವನು ಬಂದಿದ್ನಾ ಅಪ್ಪ?"

"ಬಂದಿದ್ದ, ಬಂದಿದ್ದ."

"ತಗೊಂಡು ಹೋದ್ನಾ?"

"ಬಂದ ತಕ್ಷಣ ಪೊಲೀಸ್ ವಿಚಾರಣೆನಾ ತಾಯಿ? ಮೊದಲು ಅವಳಿಗೆ ನೀರು ಕೊಡು."

ನೀರಿನ ನೆಪದಲ್ಲಿ ಅವಳು ಅಡುಗೆಮನೆಗೆ ಇಣುಕಿದಳು. ಬಚ್ಚಲಿಗೂ ಇಣುಕಿದಳು. ಏನೂ ಹೆಚ್ಚಾಗಿರಲಿಲ್ಲ. ಮರಳಿ ಬಂದರೆ ಅಪ್ಪ ಮಲಗುವ ಕೋಣೆಯ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ.

"ಸ್ವಲ್ಪ ಹೊತ್ತು ಕುರ್ಚಿ ಮೇಲೆ ಕೂತಿರು. ಇಲ್ಲಿ ಗಾಳಿ ಚೆನ್ನಾಗಿದೆ."

"ಕಾಲು ಸೋಲ್ತಿದೆ ರೀ. ಮಲಗ್ತೀನಿ," ಎಂದಳು ಅಮ್ಮ.

ಮಗಳು ಅಪ್ಪನನ್ನು ಸರಿಸಿ ಬಾಗಿಲು ನೂಕಿದಳು. ಅಮ್ಮನ ಮಂಚದ ಮೇಲೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಫ್ಯಾನುಗಳು ಸೂರು ಮುಟ್ಟುವಂತೆ ಕೂತಿದ್ದವು. ಅವಕ್ಕೆ ಗೀಚು ಬೀಳದಿರಲೆಂದು ಅಡಿಗೆ ಒಗೆದ ಹೊದಿಕೆ ಹಾಸಿದ್ದ.

"ಬಾಗಿಲಿಂದ ಮಂಚದವರೆಗೆ ದಾರಿ ಬೇಕು ಅಂದಿದ್ದು ನೀನೇ. ಮಾಡಿದೀನಲ್ಲ!" ಅಪ್ಪ ಒಂದು ಮಿಕ್ಸಿಯ ಮೇಲೆ ಕೈಯಾಡಿಸಿದ. "ಗುಜರಿಯವನಿಗೆ ಕೊಡೋಕೆ ಹೋದೆ ಕಣಮ್ಮ. ಒಂದು ವೈರ್ ಹಾಕಿದ್ರೆ ಓಡತ್ತಲ್ಲ ಅನ್ನಿಸ್ತು. ಕೈ ಬಿಡ್ಲೇ ಇಲ್ಲ."

ಅಮ್ಮ ವಾಕರಿನ ಮೇಲೆ ಭಾರ ಬಿಟ್ಟು ಬಾಗಿದಳು. ಅದನ್ನು ಕಂಡು ಅಪ್ಪ ಗಾಬರಿಯಿಂದ ಒಂದು ಮಿಕ್ಸಿ ಎತ್ತಿಕೊಂಡ. ಕಿಟಕಿ ನೋಡಿದ, ಬೀರುವಿನ ತಲೆ ನೋಡಿದ. ಪ್ಯಾಸೇಜಿನತ್ತ ತಿರುಗಿದವನು ಮಗಳ ಮುಖ ಕಂಡು ಅಲ್ಲೇ ನಿಂತ. ಕೊನೆಗೆ ಅಮ್ಮನತ್ತ ಚಾಚಿದ.

"ಒಂದ್ನಿಮಿಷ ಹಿಡ್ಕೊ."

ಮಗಳು ಬಾಯಿ ತೆರೆಯುವಷ್ಟರಲ್ಲಿ, ಅಮ್ಮ ವಾಕರಿನಿಂದ ಒಂದು ಕೈ ಬಿಟ್ಟು ಅದನ್ನು ಇಸಿದುಕೊಂಡಳು.