ಸಡಿಲ ಹೊದಿಕೆ

ನಾಲ್ಕನೇ ಮಂಚದ ಹೊದಿಕೆ ಇವತ್ತೂ ಕಾಲಿನ ಕಡೆ ಸಡಿಲವಾಗಿತ್ತು. ಮಾನಸಿಕ ಆಸ್ಪತ್ರೆಯ ಹಿರಿಯ ನರ್ಸ್, ಅದನ್ನು ಹೊದಿಸಿದ ಹೊಸ ಸಹಾಯಕನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಳು. ಗುಣವಾದವರಿಗೆ ಸರ್ಕಾರ ಕೆಲಸ ಕೊಡಿಸುವ ಯೋಜನೆಯಲ್ಲಿ ವಾರ್ಡಿಗೆ ಬಂದವನು ಅವನು. ಅವಳು ಸಹಿ ಹಾಕಿದರಷ್ಟೇ ಕೆಲಸ ಕಾಯಂ.

“ತುದಿನ ಹಾಸಿಗೆ ಅಡಿಗೆ ಬಿಗಿಯಾಗಿ ಸಿಗಿಸು ಅಂತ ಇನ್ನೆಷ್ಟು ಸಲ ಬಾಯಿ ಬಡ್ಕೊಳ್ಳಲಪ್ಪಾ?”

“ಬಿಗಿ ಮಾಡಿದ್ರೆ ಕಾಲು ಕಟ್ಟಿಹಾಕಿದ ಹಾಗಾಗುತ್ತೆ ಸಿಸ್ಟರ್. ಎರಡು ವರ್ಷ ಇದೇ ಮಂಚದಲ್ಲಿ ಮಲಗಿದ್ದೆನಲ್ಲ. ನಾನು ಒದ್ದು ಬಿಡಿಸ್ಕೊಳ್ತಿದ್ದೆ, ನೀವು ಬಂದು ಮತ್ತೆ ಸಿಗಿಸ್ತಿದ್ರಿ.”

ಹಾಗೆ ಒದೆಯುವ ರೋಗಿಗಳ ಹೆಸರಿನ ಮುಂದೆ ವಾರ್ಡಿನ ಪುಸ್ತಕದಲ್ಲಿ ಅವಳು ಇಪ್ಪತ್ತು ವರ್ಷದಿಂದ ‘ಗಲಾಟೆ’ ಎಂದೇ ಬರೆಯುತ್ತ ಬಂದಿದ್ದಳು. ಅವನ ಕೆಲಸದ ಕಾಗದಕ್ಕೆ ಸಹಿ ಹಾಕಿದಳು. ಆಮೇಲೆ ಮೊದಲನೇ ಮಂಚಕ್ಕೆ ಹೋಗಿ, ಬೆಳಿಗ್ಗೆ ತನ್ನ ಕೈಯಾರೆ ಸಿಗಿಸಿದ್ದ ಹೊದಿಕೆಯ ತುದಿಯನ್ನು ಹೊರಗೆಳೆದಳು.

“ಇಷ್ಟು ಸಾಕಾ, ಬಂದು ನೋಡು.”